ಎರಡು ಕಂತುಗಳ ನಡುವಿನ ಆರು ದಿನ

(ಕೊಪ್ಪಳದಲ್ಲಿ ಓದುಗ ಗೆಳೆಯರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಇವತ್ತಿನ ವಿಷಯ ಕೊಟ್ಟವರು ನೀವೇ. ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್ಟಿನ ಮೂಲಕ ನೋಡುವ ನೆಟ್‌ಫ್ಲಿಕ್ಸ್‌ನಂಥ ಕಡೆ, ಬರುವ ಸರಣಿಗಳ ಕಂತುಗಳನ್ನೆಲ್ಲ ಒಂದೇ ದಿನ ಬಿಟ್ಟುಬಿಡಬೇಕೋ, ವಾರಕ್ಕೊಂದರಂತೆ ಬಿಡಬೇಕೋ? ಒಂದೇ ಗುಕ್ಕಿಗೆ ನೋಡಿ ಮುಗಿಸುವುದು ಚೆಂದವೋ, ಕಾದು ನೋಡುವುದು ಚೆಂದವೋ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವಾರಕ್ಕೊಂದು ಕಂತಿನ ಕಡೆಯವನು.

ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಎಂದು ಬೈಯಲು ನಾನು ಬಂದಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಇಷ್ಟವಾದದ್ದಕ್ಕೆ ನನ್ನ ಮಕ್ಕಳು ಎಷ್ಟು ಬೇಕಾದರೂ ಕಾಯುತ್ತಾರೆ, ಅದನ್ನು ದಿನಾ ನೋಡುತ್ತೇನೆ. ನನ್ನ ಕಾರಣ ಬೇರೆ. ಒಂದು ಕಂತು ಮುಗಿದು ಇನ್ನೊಂದು ಬರುವವರೆಗೆ ಒಂದು ಖಾಲಿ ಜಾಗ ಇರುತ್ತದೆ. ಕಥೆ ನಮ್ಮದಾಗುವುದು ಆ ಜಾಗದಲ್ಲಿ ಅಂತ ನಾನು ನಂಬಿದ್ದೇನೆ. ಅದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ಒಬ್ಬ ದರ್ಜಿಯ ಅಂಗಡಿಯಲ್ಲಿ ಕಲಿತೆ.

ನಾನು ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. 1987ರ ಜನವರಿ 25ರ ಭಾನುವಾರ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ರಾಮಾಯಣ ಶುರುವಾಯಿತು. ನಾನಾಗ ಐದನೇ ಕ್ಲಾಸು. ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಕಪ್ಪು ಬಿಳುಪು ಟಿವಿ, ಮರದ ಪೆಟ್ಟಿಗೆ, ಅದಕ್ಕೆ ಎಳೆದು ಮುಚ್ಚುವ ಬಾಗಿಲು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆಲ್ಲ ಆ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ರಾಶಿ ಬೀಳುತ್ತಿತ್ತು. ಮಕ್ಕಳು ಮುಂದೆ ನೆಲದ ಮೇಲೆ. ಹೆಂಗಸರು ಗೋಡೆಗೆ ಒರಗಿಕೊಂಡು. ಗಂಡಸರು ಕಿಟಕಿಯಲ್ಲಿ. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ಹಿಡಿದು ನಿಂತಿರುತ್ತಿದ್ದ. "ಬಂತಾ?" ಎಂದು ಅವನು, "ಬಂತು, ಬಂತು, ಅಯ್ಯೋ ಹೋಯ್ತು" ಎಂದು ನಾವು.

ಒಂದೇ ತೊಂದರೆ. ಭಾಷೆ ಹಿಂದಿ. ನಮ್ಮ ಓಣಿಯಲ್ಲಿ ಕನ್ನಡದವರು, ತೆಲುಗಿನವರು ಜಾಸ್ತಿ. ಅಮ್ಮನಿಗೆ ಹಿಂದಿಯ ಒಂದು ಅಕ್ಷರವೂ ಬರುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಒಬ್ಬ ದರ್ಜಿ ಇದ್ದರು. ನಾವು ಹುಡುಗರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದೆವು. ಅವರ ಮನೆಮಾತು ನಮ್ಮ ಬಳ್ಳಾರಿಯ ಉರ್ದು. ಹಾಗಾಗಿ ಟಿವಿಯಲ್ಲಿ ಏನು ಹೇಳಿದರು ಎನ್ನುವುದನ್ನು ಚಾಚಾನೇ ಹೇಳಬೇಕು. ಆದರೆ ರಾಮಾಯಣದ ಹಿಂದಿ ಅವರಿಗೂ ಪೂರ್ತಿ ದಕ್ಕುತ್ತಿರಲಿಲ್ಲ. ಪಿತಾಶ್ರೀ, ಆಜ್ಞಾ, ವಚನ, ವನವಾಸ, ಇಂಥ ಮಾತುಗಳಲ್ಲಿ ಅವರು ಎಡವುತ್ತಿದ್ದರು. ಆ ಮಾತುಗಳು ಅಮ್ಮನಿಗೆ ಗೊತ್ತು. ನಡುವೆ ಬರುವ "ಕೈಸೆ", "ಕಿಸ್‌ಲಿಯೆ", "ಮತ್ ಜಾವೋ" ಅಮ್ಮನಿಗೆ ಗೊತ್ತಿಲ್ಲ, ಚಾಚಾನಿಗೆ ಗೊತ್ತು. ಒಂದು ವಾಕ್ಯದ ಅರ್ಧ ಅವರ ಹತ್ತಿರ ಇತ್ತು, ಉಳಿದ ಅರ್ಧ ಇವಳ ಹತ್ತಿರ.

ಸೋಮವಾರ ಅಮ್ಮ ಯಾವುದೋ ರವಿಕೆ ಬಟ್ಟೆ ಹಿಡಿದು ಅಂಗಡಿಗೆ ಹೋಗುತ್ತಿದ್ದಳು. ನಾನು ಅವಳ ಹಿಂದೆ. ಚಾಚಾ ಮಷಿನ್ ತುಳಿಯುವುದನ್ನು ನಿಲ್ಲಿಸಿ, ಕೊರಳಿನ ಟೇಪು ಸರಿಮಾಡಿಕೊಂಡು, ಸೀಮೆಸುಣ್ಣದ ಬಿಲ್ಲೆಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಶುರುಮಾಡುತ್ತಿದ್ದರು. "ನೋಡಕ್ಕಾ, ಆ ರಾಜಾ ಅಂತಾನೆ, ಹೋಗಬ್ಯಾಡ ಅಂತಾನೆ. ಮಗಾ ಅಂತಾನೆ, ನೀನು ಏನೋ ಕೊಟ್ಟಿದ್ದಿ, ಅದಕ್ಕ ಹೋಗ್ತೀನಿ ಅಂತಾನೆ. ಏನು ಕೊಟ್ಟಿದ್ದ?" ಅಮ್ಮ ಹೇಳುತ್ತಿದ್ದಳು, "ಮಾತು ಭಾಯಿ, ಮಾತು ಕೊಟ್ಟಿದ್ದ." ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೇ ಮಾತಾ?" ಎಂದು ಕೇಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಆ ವಾರವೆಲ್ಲ ಅದೇ ಚರ್ಚೆ. ಕೊಟ್ಟ ಮಾತಿಗೆ ಇಷ್ಟು ಬೆಲೆ ಕೊಡಬೇಕಾ? ಮಗ ಹೋದದ್ದು ಸರಿಯಾ? ತಂದೆ ಹಾಗೆ ಮಾತು ಕೊಟ್ಟದ್ದೇ ತಪ್ಪಲ್ವಾ? ಬುಧವಾರದ ಹೊತ್ತಿಗೆ ಪಕ್ಕದ ಮನೆಯ ತೆಲುಗಿನ ಅಜ್ಜಿ ಸೇರಿಕೊಳ್ಳುತ್ತಿದ್ದರು. ಅವರ ಊರಿನ ಗೊಂಬೆಯಾಟದಲ್ಲಿ ಕೈಕೇಯಿ ಅಷ್ಟು ಕೆಟ್ಟವಳಲ್ಲ ಅಂತ ಅವರ ವಾದ. ಶನಿವಾರಕ್ಕೆ ನಮ್ಮ ಓಣಿಯಲ್ಲಿ ಮೂರು ಥರದ ಕೈಕೇಯಿ ಇದ್ದರು. ಭಾನುವಾರ ನಾವು ಬರೀ ನೋಡಲು ಹೋಗುತ್ತಿರಲಿಲ್ಲ. ಯಾರ ಕೈಕೇಯಿ ಗೆಲ್ಲುತ್ತಾಳೆ ಎಂದು ತಿಳಿಯಲು ಹೋಗುತ್ತಿದ್ದೆವು.

ಟಿವಿಯಲ್ಲಿ ಆ ಕಂತು ಮುಕ್ಕಾಲು ಗಂಟೆಯೂ ಇರಲಿಲ್ಲ. ನಮ್ಮ ಓಣಿಯಲ್ಲಿ ಏಳು ದಿನ ನಡೆಯಿತು. ಒಟ್ಟು 78 ಕಂತು, 1988ರ ಜುಲೈ 31ರವರೆಗೆ.

ಅದೇ ರಾಮಾಯಣವನ್ನು ಅಮ್ಮ ಇನ್ನೊಮ್ಮೆ ನೋಡಿದಳು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ಅದನ್ನು ಮತ್ತೆ ಹಾಕಿತು. ಮಾರ್ಚ್ 28ಕ್ಕೆ ಶುರು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಒಂದೂವರೆ ವರ್ಷದ ಕಥೆ ಮೂರು ವಾರದಲ್ಲಿ ಮುಗಿಯಿತು. ಆಗ ಅಮ್ಮ ನಮ್ಮ ಜೊತೆ ಇಲ್ಲೇ ಕೊಪ್ಪಳದಲ್ಲಿ ಇದ್ದಳು. ಖುಷಿಯಿಂದಲೇ ನೋಡಿದಳು. ಒಂದು ದಿನ ರಾತ್ರಿ ಟಿವಿ ಆರಿಸಿದ ಮೇಲೆ ನನ್ನನ್ನು ಕೇಳಿದಳು, "ವನವಾಸ ಇಷ್ಟು ಬೇಗ ಮುಗೀತೇನೋ?" ಲಾಕ್‌ಡೌನಿನಲ್ಲಿ ಯಾರ ಮನೆಗೂ ಹೋಗುವ ಹಾಗಿರಲಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಫೋನ್ ಇತ್ತಲ್ಲ. ಬೆಳಗಿನ ಕಂತಿನ ಬಗ್ಗೆ ನಮ್ಮ ಅಕ್ಕನಿಗೆ ಫೋನ್ ಮಾಡಿ, ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ರಾತ್ರಿಯ ಕಂತು ಬಂದುಬಿಡುತ್ತಿತ್ತು. ಮಾತಾಡಬೇಕಾದದ್ದು ಹಿಂದೆ ಉಳಿಯಿತು. ಕಥೆ ಮುಂದೆ ಹೋಯಿತು.

ಈಗ ನಮ್ಮ ಕಡೆಯ ಪುರಾಣದ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ನಿಮಗೆಲ್ಲ ಗೊತ್ತಿರುವುದೇ. ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಹೇಮರೆಡ್ಡಿ ಮಲ್ಲಮ್ಮನ ಪುರಾಣ, ಬಸವ ಪುರಾಣ, ಶರಣರ ಚರಿತ್ರೆ. ಊಟ ಮುಗಿಸಿ ಜನ ಬಂದು ಕೂರುತ್ತಾರೆ. ಶಾಸ್ತ್ರಿಗಳು ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ, ತಬಲಾ ಹಾರ್ಮೋನಿಯಂ ಜೊತೆಗಿರುತ್ತವೆ. ಮಲ್ಲಮ್ಮನ ಅತ್ತೆ ಅವಳ ಮೇಲೆ ಕೈ ಎತ್ತುವ ಹೊತ್ತಿಗೆ ಸರಿಯಾಗಿ "ಮುಂದಿನದನ್ನು ನಾಳೆ ಕೇಳೋಣ" ಎಂದು ಮಂಗಳಾರತಿ ಆಗುತ್ತದೆ. ಜನ ಎದ್ದು, ಮಣೆ ಚಾಪೆ ಮಡಚಿಕೊಂಡು, ಮಾತಾಡುತ್ತಾ ಮನೆಗೆ ಹೋಗುತ್ತಾರೆ. ಒಂದು ತಿಂಗಳು ಹೀಗೆ. ಕೊನೆಯ ದಿನ ಪುರಾಣ ಮಂಗಲ, ಊರಿಗೆಲ್ಲ ಗೋಧಿ ಹುಗ್ಗಿ.

ಇದರಲ್ಲಿ ಒಂದು ಮಾತು ಗಮನಿಸಿ. ಮಲ್ಲಮ್ಮನ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರುವುದಿಲ್ಲ. ಮುಂದೇನಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೂ ಮರುದಿನ ಬರುತ್ತಾರೆ. ವಾರಕ್ಕೊಂದು ಕಂತು ಅಂದಕೂಡಲೇ ಅದು ಬರೀ ಕುತೂಹಲದ ಆಟ, ಕೊನೆಗೆ ಒಂದು ತಿರುವು ಇಟ್ಟು ಜನರನ್ನು ಕಟ್ಟಿಹಾಕುವ ಉಪಾಯ ಎನ್ನುವವರಿದ್ದಾರೆ. ಹಾಗಿದ್ದರೆ ಪುರಾಣ ಎರಡನೇ ವರ್ಷಕ್ಕೇ ನಿಂತುಹೋಗಬೇಕಿತ್ತು.

ನಮ್ಮ ಹಳೆಯ ಕವಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ 34 ಸಂಧಿಗಳಿವೆ. ಅಧ್ಯಾಯಕ್ಕೆ ಅವರು ಇಟ್ಟ ಹೆಸರು ನೋಡಿ, ಸಂಧಿ. ಎರಡು ಸೇರುವ ಜಾಗ. ನಾವು ಅಧ್ಯಾಯ ಎಂದರೆ ಒಂದು ತುಂಡು ಅಂದುಕೊಳ್ಳುತ್ತೇವೆ, ಅವರ ಮನಸ್ಸಿನಲ್ಲಿ ಕೂಡುವ ಕೀಲು ಇತ್ತು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ 25 ಗತಿಗಳು. ಗತಿ ಅಂದರೆ ನಡಿಗೆ. ಇನ್ನೂ ಒಂದು ಸಂಗತಿ ಇದೆ, ಅದು ನನಗೆ ತುಂಬಾ ಇಷ್ಟ. ಕುಮಾರವ್ಯಾಸನಲ್ಲೂ ಲಕ್ಷ್ಮೀಶನಲ್ಲೂ ಪ್ರತಿ ಸಂಧಿಯ ಮೊದಲಿಗೆ ಒಂದು ಸೂಚನೆಯ ಪದ್ಯ ಬರುತ್ತದೆ. ಈ ಸಂಧಿಯಲ್ಲಿ ಏನಾಗುತ್ತದೆ ಎನ್ನುವುದನ್ನು ಕವಿ ಅಲ್ಲೇ ಹೇಳಿಬಿಡುತ್ತಾನೆ. ಇವತ್ತು ಹುಡುಗರು "ಸ್ಪಾಯ್ಲರ್ ಕೊಡಬೇಡಿ ಸರ್" ಎಂದು ಕಿವಿ ಮುಚ್ಚಿಕೊಳ್ಳುವುದನ್ನು ನಮ್ಮ ಕವಿಗಳು ತಾವಾಗಿಯೇ ಬಾಗಿಲಲ್ಲೇ ಕೊಟ್ಟರು. ಏನಾಗುತ್ತದೆ ಎಂಬ ಚಿಂತೆ ಬಿಡಿ, ಹೇಗಾಗುತ್ತದೆ ಕೇಳಿ, ಅಂತ. ಸಂಜೆಗೆ ಒಂದು ಸಂಧಿ ಓದಿ, ಅರ್ಥ ಹೇಳಿ, ಮಲಗಿ, ಮರುದಿನ ಹೊಲದಲ್ಲಿ ಅದರ ಮಾತಾಡುವ ಜನಕ್ಕೆ ಬರೆದ ಕಾವ್ಯ ಅದು. ಒಬ್ಬರೇ ಕೂತು ಒಂದು ರಾತ್ರಿಯಲ್ಲಿ ಮುಗಿಸಲೆಂದು ಬರೆದದ್ದಲ್ಲ.

ಟಿವಿಯ ವಿಷಯದಲ್ಲೂ ನಮ್ಮ ಸೀಮೆಗೆ ಒಂದು ಹೆಮ್ಮೆಯ ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್ 1ರಂದು, ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಪಡೆದು ನಮ್ಮ ವಿಜ್ಞಾನಿಗಳು ಮಾಡಿದ ಪ್ರಯೋಗ ಅದು. ಸೈಟ್ ಎಂದು ಕರೆಯುತ್ತಿದ್ದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯ ದೊಡ್ಡ ಛತ್ರಿಯೇ ಆಂಟೆನಾ. ನಮ್ಮ ಮಾವನವರು ಆಗ ಹುಡುಗ. ಅವರೂರಿನ ಶಾಲೆಯ ಮುಂದೆ ಸಂಜೆ ಟಿವಿ ಹಚ್ಚಿದರೆ ಇಡೀ ಊರು ಅಂಗಳದಲ್ಲಿ. ಬೇಸಾಯದ ಕಾರ್ಯಕ್ರಮದಲ್ಲಿ ಬೀಜದ ಬಗ್ಗೆ ಏನೋ ಹೇಳಿದರೆ, ಅದು ನಮ್ಮ ಕಪ್ಪು ಭೂಮಿಗೆ ಆಗುತ್ತದೋ ಇಲ್ಲವೋ ಎಂದು ಮರುದಿನ ಕಟ್ಟೆಯ ಮೇಲೆ ಗಲಾಟೆಯೇ ಆಗುತ್ತಿತ್ತಂತೆ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಟಿವಿ ನಿಂತಿತು. ಜನ ಎಷ್ಟೋ ದಿನ ಸಂಜೆ ಶಾಲೆಯ ಕಡೆ ಹೋಗಿ ಬರುತ್ತಿದ್ದರು ಅಂತ ಮಾವನವರು ಈಗಲೂ ಹೇಳುತ್ತಾರೆ. ಅವರಿಗೆ ತಪ್ಪಿದ್ದು ಟಿವಿ ಒಂದೇ ಅಲ್ಲವೇನೋ. ಆ ಅಂಗಳವೂ ತಪ್ಪಿತು.

ಸರಿ. ಒಟಿಟಿಗೆ ಬರೋಣ.

ಎಲ್ಲ ಕಂತನ್ನೂ ಒಟ್ಟಿಗೆ ಕೊಡುವ ಪದ್ಧತಿ ದೊಡ್ಡದಾಗಿ ಶುರುವಾದದ್ದು 2013ರ ಫೆಬ್ರುವರಿ 1ರಂದು. ಹೌಸ್ ಆಫ್ ಕಾರ್ಡ್ಸ್ ಎಂಬ ಸರಣಿಯ 13 ಕಂತುಗಳನ್ನು ನೆಟ್‌ಫ್ಲಿಕ್ಸ್ ಒಂದೇ ದಿನ ಬಿಟ್ಟಿತು. ಅದಕ್ಕೆ ಮೊದಲು ಜನ ಹಳೆಯ ಸರಣಿಗಳ ಡಿವಿಡಿ ತಂದು ಸಾಲಾಗಿ ನೋಡುತ್ತಿದ್ದರು. ಆ ರೂಢಿಯನ್ನೇ ಹೊಸ ಕಥೆಗೂ ತಂದರು. ಆಗ ಅದು ಬಿಡುಗಡೆ ಅನ್ನಿಸಿತು, ಸುಳ್ಳಲ್ಲ. ಟಿವಿಯವರು ಹೇಳಿದ ಹೊತ್ತಿಗೆ ಕೂರಬೇಕಿಲ್ಲ, ಜಾಹೀರಾತು ಇಲ್ಲ. 2015ರಲ್ಲಿ ಕಾಲಿನ್ಸ್ ನಿಘಂಟಿನವರು ಬಿಂಜ್-ವಾಚ್ ಎಂಬುದನ್ನೇ ವರ್ಷದ ಪದ ಎಂದು ಆರಿಸಿದರು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೂ ಬಂತು.

ಆದರೆ ಆ ಬಿಡುಗಡೆಯ ಜೊತೆಗೆ ಇನ್ನೊಂದು ಬಂತು. ಕಂತು ಮುಗಿಯುತ್ತಿದ್ದಂತೆ ಕೆಲವೇ ಸೆಕೆಂಡಿನಲ್ಲಿ ಮುಂದಿನದು ತಾನಾಗಿಯೇ ಶುರುವಾಗುತ್ತದೆ. ಬೇಡ ಅನ್ನಬೇಕಾದರೆ ನಾವೇ ಕೈ ಎತ್ತಬೇಕು. ಪುರಾಣದಲ್ಲಿ ಮಂಗಳಾರತಿ ತಟ್ಟೆ ಬರುತ್ತದೆ, ಕಣ್ಣಿಗೆ ಒತ್ತಿಕೊಂಡು ಏಳುತ್ತೇವೆ. ಇಲ್ಲಿ ಏಳಲು ಜಾಗವೇ ಇಲ್ಲ. ಕೆಲಸ ಮಾಡಿದವರ ಹೆಸರುಗಳು ಒಂದು ಮೂಲೆಗೆ ಚಿಕ್ಕದಾಗಿ ಸರಿಯುತ್ತವೆ. ಬಯಲಾಟದಲ್ಲಿ ಪಾತ್ರಧಾರಿಗೆ ಆಯೇರಿ ಮಾಡಿದವರ ಹೆಸರನ್ನೂ ಕೂಗಿ ಹೇಳುವ ಊರಿನಿಂದ ಬಂದ ನನಗೆ ಅದು ನೋವು ಕೊಡುತ್ತದೆ. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ತಮ್ಮ ಪೈಪೋಟಿ ನಿದ್ದೆಯ ಜೊತೆ ಎಂಬರ್ಥದ ಮಾತು ಹೇಳಿದ್ದರು. ಬೆಳಗ್ಗೆ ಮೊದಲ ಪಿರಿಯಡ್ ತೆಗೆದುಕೊಳ್ಳುವ ಯಾವ ಮೇಷ್ಟ್ರಿಗೂ ಆ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಿದ್ದಾರೆ ಎಂದು ಗೊತ್ತು.

ಎಲ್ಲರೂ ಆ ದಾರಿಯಲ್ಲಿ ಹೋಗಲಿಲ್ಲ. 2019ರ ನವೆಂಬರಿನಲ್ಲಿ ಡಿಸ್ನಿ ತನ್ನ ಒಟಿಟಿ ಶುರುಮಾಡಿದಾಗ ದೊಡ್ಡ ಸರಣಿಯನ್ನು ವಾರಕ್ಕೊಂದರಂತೆಯೇ ಬಿಟ್ಟಿತು. ಅಮೆಜಾನ್ ಪ್ರೈಮ್‌ನ ದಿ ಬಾಯ್ಸ್ ಸರಣಿಯ ಮೊದಲ ಸೀಸನ್ ಒಟ್ಟಿಗೆ ಬಂದಿತ್ತು. 2020ರಲ್ಲಿ ಎರಡನೆಯದನ್ನು ಮೊದಲು ಮೂರು ಕಂತು, ಆಮೇಲೆ ವಾರಕ್ಕೊಂದು ಎಂದು ಮಾಡಿದರು. ಸಿಟ್ಟಾದ ಎಷ್ಟೋ ಜನ ಕಥೆ ಚೆನ್ನಾಗಿದ್ದರೂ ಕಡಿಮೆ ಅಂಕ ಕೊಟ್ಟರು. ನೆಟ್‌ಫ್ಲಿಕ್ಸ್ ಕೂಡ 2022ರಲ್ಲಿ ಸ್ಟ್ರೇಂಜರ್ ಥಿಂಗ್ಸ್‌ನ ನಾಲ್ಕನೇ ಸೀಸನ್ನನ್ನು ಎರಡು ಪಾಲು ಮಾಡಿ, ಮೇ 27ಕ್ಕೆ ಒಂದು, ಜುಲೈ 1ಕ್ಕೆ ಇನ್ನೊಂದು ಎಂದು ಬಿಟ್ಟಿತು.

ಕಂಪನಿಗಳು ಇದನ್ನು ಕಥೆಯ ಮೇಲಿನ ಪ್ರೀತಿಗೆ ಮಾಡುತ್ತವೆ ಎಂದು ನಾನು ಹೇಳುವುದಿಲ್ಲ. ಲೆಕ್ಕ ಸರಳ. ಎಲ್ಲ ಕಂತೂ ಒಟ್ಟಿಗೆ ಇದ್ದರೆ ಒಂದು ತಿಂಗಳು ಕಟ್ಟಿ, ನೋಡಿ, ಬಿಟ್ಟುಬಿಡಬಹುದು. ಎಂಟು ಕಂತು ವಾರಕ್ಕೊಂದರಂತೆ ಬಂದರೆ ಎರಡು ತಿಂಗಳು ಕಟ್ಟಬೇಕು. ಗಿರಾಕಿ ಎರಡು ತಿಂಗಳು ಉಳಿಯುತ್ತಾನೆ. ವಾರದ ಕಂತು ನಮ್ಮ ಜೇಬಿಗೆ ಭಾರ, ಇದು ನಿಜ. ನನ್ನ ಪಕ್ಷಕ್ಕೆ ಇದು ಅನುಕೂಲದ ಮಾತಲ್ಲ, ಆದರೂ ಹೇಳಲೇಬೇಕು.

ಇನ್ನೊಂದು ಮಾತೂ ನನ್ನ ಪಕ್ಷಕ್ಕೆ ವಿರುದ್ಧವಾದದ್ದು. ನನ್ನ ತಂಗಿ ನರ್ಸ್. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ. ಅವಳಿಗೆ ಗುರುವಾರ ಸಂಜೆ ಎಂಬುದೇ ಇಲ್ಲ. ರಜೆಯ ದಿನ ಬಟ್ಟೆ ಒಗೆದು ಹಾಕಿ, ನಾಲ್ಕು ಕಂತು ಒಟ್ಟಿಗೆ ನೋಡಿದರೆ ಅವಳಿಗೆ ಅದೇ ಹಬ್ಬ. ನಮ್ಮ ಎದುರು ಮನೆಯವರು ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹೊಲದಿಂದ ಬಂದು ಉಂಡು ಮಲಗಿದರೆ ಎದ್ದೇಳುವುದೇ ಕಷ್ಟ. ಸುಗ್ಗಿ ಮುಗಿದ ಮೇಲೆ ಉಳಿದದ್ದನ್ನೆಲ್ಲ ನೋಡುತ್ತಾರೆ. ಇವರಿಗೆ ನಾನು "ವಾರಕ್ಕೊಂದೇ ನೋಡಿ" ಎನ್ನುವುದು ಸರಿಯಲ್ಲ. ಒಟ್ಟಿಗೆ ಇಟ್ಟರೆ ವಾರಕ್ಕೊಂದರಂತೆಯೂ ನೋಡಬಹುದಲ್ಲ, ಬಿಡುವುದು ನಿಮ್ಮ ಕೈಯಲ್ಲಿದೆ ಎಂದು ತಂಗಿಯೇ ನನ್ನ ಜೊತೆ ವಾದ ಮಾಡುತ್ತಾಳೆ. ನಾನು ಒಬ್ಬನೇ ಕಾಯಬಹುದು, ಆದರೆ ಒಬ್ಬನೇ ಕಾದರೆ ಏನು ಬಂತು? ನಾನು ಎರಡನೇ ಕಂತಿನಲ್ಲಿ ಇರುವಾಗ ನನ್ನ ಸಹೋದ್ಯೋಗಿ ಎಂಟನೆಯದನ್ನು ಮುಗಿಸಿರುತ್ತಾರೆ. ಇನ್ನೊಬ್ಬರು ಶುರುವೇ ಮಾಡಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಮೂರು ಜನ ಒಂದೇ ಸರಣಿ ನೋಡುತ್ತಾ ಒಬ್ಬರ ಜೊತೆ ಒಬ್ಬರು ಮಾತಾಡದೆ ಚಹಾ ಕುಡಿಯುತ್ತೇವೆ. ಇದು ನಡೆದದ್ದು, ಹೋದ ತಿಂಗಳು.

ನೆನಪಿನ ಬಗ್ಗೆಯೂ ಒಂದು ಮಾತು. 2017ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸಣ್ಣ ಪ್ರಯೋಗ ಮಾಡಿದರು. ಒಂದೇ ಸರಣಿಯನ್ನು ಮೂರು ಗುಂಪಿಗೆ ತೋರಿಸಿದರು. ಒಂದು ಗುಂಪಿಗೆ ವಾರಕ್ಕೊಂದು ಕಂತು, ಇನ್ನೊಂದಕ್ಕೆ ದಿನಕ್ಕೊಂದು, ಮತ್ತೊಂದಕ್ಕೆ ಒಂದೇ ಕೂರಿಕೆಯಲ್ಲಿ ಎಲ್ಲ. ಮರುದಿನ ಕೇಳಿದಾಗ ಒಟ್ಟಿಗೆ ನೋಡಿದವರಿಗೇ ಹೆಚ್ಚು ನೆನಪಿತ್ತು. ಆದರೆ 140 ದಿನ ಕಳೆದ ಮೇಲೆ ನೋಡಿದರೆ ಹೆಚ್ಚು ಮರೆತವರೂ ಅವರೇ. ಅಷ್ಟೇ ಅಲ್ಲ, ಖುಷಿಯೂ ಕಡಿಮೆ ಸಿಕ್ಕಿತೆಂದು ಅವರೇ ಹೇಳಿದರು. ಮಗ್ಗಿ ಕಲಿಸುವ ಯಾವ ಪ್ರೈಮರಿ ಶಾಲೆಯ ಅಕ್ಕೋರಿಗೂ ಇದು ಹೊಸದಲ್ಲ. ದಿನಕ್ಕೊಂದು ಮಗ್ಗಿ ಕಲಿತ ಮಗು ಮುಪ್ಪಿನಲ್ಲೂ ಹೇಳುತ್ತದೆ.

ಹಾಗಾದರೆ ಟಿವಿಯ ಮೆಗಾ ಧಾರಾವಾಹಿ ದಿನಾ ಬರುತ್ತಲ್ಲ, ಅದರಲ್ಲೂ ನಡುವೆ ಒಂದು ದಿನದ ಬಿಡುವಿದೆಯಲ್ಲ ಎಂದು ಕೇಳಬಹುದು. ಅಲ್ಲಿ ಬಿಡುವಿದೆ, ಆದರೆ ಅಂತ್ಯ ಇಲ್ಲ. ಟಿಆರ್‌ಪಿ ಇರುವವರೆಗೆ ಎಳೆಯುತ್ತಾರೆ. ಪುರಾಣಕ್ಕೆ ಒಂದು ಮಂಗಲದ ದಿನ ಇದೆ, ಅದು ಎಲ್ಲರಿಗೂ ಗೊತ್ತಿರುತ್ತದೆ. ಮುಗಿಯುತ್ತದೆ ಎಂದು ಗೊತ್ತಿದ್ದರೇ ನಡುವಿನ ದಿನಗಳಿಗೆ ತೂಕ. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಗಳಿಗೆ ಆ ಹದ ಇತ್ತು. 1965ರಲ್ಲಿ ಸುಧಾ, 1983ರಲ್ಲಿ ತರಂಗ ಶುರುವಾದ ಮೇಲೆ ಒಂದು ತಲೆಮಾರಿನ ಹೆಂಗಸರು ಓದಲು ಕಲಿತದ್ದೇ ಆ ಕಂತುಗಳಿಂದ. ಅಮ್ಮ ಪ್ರತಿ ವಾರದ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ ಇಡುತ್ತಿದ್ದಳು. ಕಾದಂಬರಿ ಮುಗಿದ ಮೇಲೆ ಚಾಚಾನ ಮಷಿನ್ನಿನಲ್ಲಿ ದಪ್ಪ ದಾರ ಹಾಕಿಸಿ ಹೊಲಿಸುತ್ತಿದ್ದಳು. ಹಾಗೆ ಹೊಲಿದ ಪುಸ್ತಕಗಳನ್ನು ನಾನು ರಜೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸುತ್ತಿದ್ದೆ. ಖುಷಿಯಾಗಿಯೇ ಓದಿದೆ. ಆದರೆ ಇವತ್ತು ಆ ಕಥೆಗಳನ್ನು ಹೇಳು ಅಂದರೆ ಅಮ್ಮ ಹೇಳುತ್ತಾಳೆ. ನನಗೆ ಹೊಲಿಗೆಯ ದಾರದ ಕೆಂಪು ಬಣ್ಣ ನೆನಪಿದೆ.

ಕನ್ನಡದ ಸರಣಿಗಳ ವಿಷಯ ಹೇಳಿ ನನ್ನ ಮಾತು ಮುಗಿಸುತ್ತೇನೆ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇದೇ. ದೊಡ್ಡ ಒಟಿಟಿಗಳಲ್ಲಿ ಕನ್ನಡದ್ದೇ ಆದ ಸರಣಿಗಳು ಬೆರಳೆಣಿಕೆಯಷ್ಟು. 2024ರಲ್ಲಿ ಏಕಂ ಎಂಬ ಕನ್ನಡ ಸರಣಿಯನ್ನು ಮಾಡಿದವರಿಗೆ ಒಟಿಟಿ ಸಿಗದೆ ತಮ್ಮದೇ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಇಂಥ ಹೊತ್ತಿನಲ್ಲಿ ಕಷ್ಟಪಟ್ಟು ಬಂದ ಒಂದು ಕನ್ನಡ ಸರಣಿಯನ್ನು ಶುಕ್ರವಾರ ಪೂರ್ತಿ ಬಿಟ್ಟರೆ ಏನಾಗುತ್ತದೆ? ಅದೇ ಶುಕ್ರವಾರ ತೆಲುಗಿನದು, ಮಲಯಾಳದ್ದು, ಹಿಂದಿಯದು, ಕೊರಿಯಾದ್ದು ಎಲ್ಲ ಬಂದಿರುತ್ತವೆ. ನೋಡುವವರು ಎರಡು ದಿನದಲ್ಲಿ ನೋಡಿ ಮುಗಿಸುತ್ತಾರೆ. ಸೋಮವಾರ ಅದು ಹಳೆಯದು. ಬಳ್ಳಾರಿಯ ಟಾಕೀಸುಗಳಲ್ಲಿ ಒಂದು ಸಿನಿಮಾ ಮೊದಲ ವಾರ ಖಾಲಿ ಹೊಡೆದು, ನೋಡಿದ ನಾಲ್ಕು ಜನ ಬಾಯಿಂದ ಬಾಯಿಗೆ ಹೇಳಿ, ಮೂರನೇ ವಾರ ಹೌಸ್‌ಫುಲ್ ಆಗಿದ್ದನ್ನು ನಾನು ನೋಡಿದ್ದೇನೆ. ದೊಡ್ಡ ಜಾಹೀರಾತಿಗೆ ದುಡ್ಡಿಲ್ಲದ ಕಥೆಗೆ ಬಾಯಿಮಾತೇ ಜಾಹೀರಾತು. ಬಾಯಿಮಾತಿಗೆ ದಿನಗಳು ಬೇಕು. ಕನ್ನಡದಲ್ಲಿ ಸರಣಿ ಮಾಡುವ ಹುಡುಗ ಹುಡುಗಿಯರು ಇಲ್ಲಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಮೊದಲ ಎರಡು ಕಂತು ಒಟ್ಟಿಗೆ ಕೊಡಿ, ಕಥೆಯೊಳಗೆ ಕಾಲಿಡಲು ಅಷ್ಟು ಬೇಕು. ಆಮೇಲೆ ವಾರಕ್ಕೊಂದು ಕೊಡಿ. ನಿಮ್ಮ ಕಥೆ ಊರಿನ ಬಾಯಲ್ಲಿ ಒಂದೂವರೆ ತಿಂಗಳು ಇರಲಿ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು. "ನೀವು ಹೇಳೋದು ಖರೆ ಐತಿ ಸರ. ಆದ್ರ ನಾವು ಬಯಲಾಟಕ್ಕ ರಾತ್ರಿ ಹತ್ತಕ್ಕ ಕುಂತ್ರ ಬೆಳಕು ಹರಿಯೋತನ ನೋಡ್ತಿದ್ವಿ. ತೊಗಲು ಗೊಂಬಿ ಆಟನೂ ಹಂಗ. ಅದು ಒಂದ ಗುಕ್ಕಿನ ಆಟ ಅಲ್ಲೇನು?"

ಇದು ನಿಜವಾಗಿ ಒಳ್ಳೆಯ ಪ್ರಶ್ನೆ. ಇದೇ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಹಿಂದೆ ದೀಪ ಇಟ್ಟು ರಾಮಾಯಣ ಮಹಾಭಾರತ ಆಡಿಸಿದ ಅಂಥ ಹಿರಿಯ ಜೀವಗಳ ಮುಂದೆ, ರಾತ್ರಿಯಿಡೀ ಕಥೆ ನೋಡುವುದು ತಪ್ಪು ಎಂದು ನಾನು ಹೇಗೆ ಹೇಳಲಿ? ಹೇಳುವುದಿಲ್ಲ.

ಆದರೆ ಒಂದು ಬಯಲಾಟ ಆ ರಾತ್ರಿ ಶುರುವಾಗುತ್ತದಾ? ಎರಡು ಮೂರು ತಿಂಗಳ ಮೊದಲೇ ಊರಿಗೆ ಮಾಸ್ತರು ಬರುತ್ತಾರೆ. ದಿನಾ ರಾತ್ರಿ ಗುಡಿಯಲ್ಲಿ ತಾಲೀಮು. ಗೌಡರ ಮಗ ಭೀಮ, ಕಂಬಾರರ ಹುಡುಗ ದುರ್ಯೋಧನ. ಅವರು ಮಾತು ಕಲಿಯುವುದನ್ನು ಇಡೀ ಊರು ಮಲಗಿದಲ್ಲಿಂದಲೇ ಕೇಳಿರುತ್ತದೆ. ಮಕ್ಕಳಿಗೆ ಪಾತ್ರಧಾರಿಗಿಂತ ಮೊದಲೇ ಮಾತು ಬಾಯಿಪಾಠ ಆಗಿರುತ್ತದೆ. ಕಾಯುವುದು, ಮಾತಾಡುವುದು ಎಲ್ಲ ಮೊದಲೇ ನಡೆದಿರುತ್ತದೆ. ಆಟದ ರಾತ್ರಿ ನಮ್ಮ ಪುರಾಣದ ಮಂಗಲ ಇದ್ದ ಹಾಗೆ. ಅಲ್ಲೂ ಜನ ನಡುವೆ ಎದ್ದು ಚಹಾ ಕುಡಿದು, ಮಿರ್ಚಿ ತಿಂದು, ಮಗುವನ್ನು ಮಲಗಿಸಿ ಬರುತ್ತಾರೆ. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ನಿಲ್ಲಿಸಿ ಕೇಳುತ್ತಾನೆ, ನೀವು ಯಾರು, ಯಾವ ಊರು, ಬಂದ ಕಾರಣವೇನು ಅಂತ. ನೋಡುವವರ ಪರವಾಗಿ ಮಾತಾಡಲು ಆಟದೊಳಗೇ ಒಬ್ಬನನ್ನು ಇಟ್ಟಿದ್ದಾರೆ.

ಕೊನೆಯದಾಗಿ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು, "ನೀವು ಮನೆಯಲ್ಲಿ ಹೇಗೆ ನೋಡ್ತೀರಿ ಸರ್?"

ಹೋದ ದೀಪಾವಳಿಯಿಂದ ನಮ್ಮ ಓಣಿಯ ಐದು ಮನೆಯವರು ಗುರುವಾರ ರಾತ್ರಿ ಊಟ ಮುಗಿಸಿ ಒಂದು ಮನೆಯಲ್ಲಿ ಸೇರುತ್ತೇವೆ. ಎಲ್ಲ ಕಂತು ಮೊದಲೇ ಬಂದಿರುವ ಸರಣಿಯಾದರೂ ಒಂದೇ ಕಂತು ನೋಡುವುದು. ಮುಂದಿನದು ತಾನಾಗಿ ಶುರುವಾಗುವ ಸೆಟಿಂಗನ್ನು ಮಗಳು ಆಫ್ ಮಾಡಿಟ್ಟಿದ್ದಾಳೆ. ಮುಗಿದ ಮೇಲೆ ಹೆಸರುಗಳು ಪೂರ್ತಿ ಬರುವವರೆಗೆ ಕೂರುತ್ತೇವೆ, ಆಮೇಲೆ ಚುರುಮುರಿ ಒಗ್ಗರಣೆ. ತಂಗಿಗೆ ಪಾಳಿ ಇದ್ದ ವಾರ ಅವಳಿಗಾಗಿ ಗುರುವಾರವನ್ನು ಭಾನುವಾರಕ್ಕೆ ತಳ್ಳುತ್ತೇವೆ. ಈಗ ನೋಡುತ್ತಿರುವುದರಲ್ಲಿ ಅಣ್ಣನೊಬ್ಬ ಹದಿನೈದು ವರ್ಷದ ಮೇಲೆ ಊರಿಗೆ ಬಂದು ಬಾಗಿಲು ತಟ್ಟಿದ್ದಾನೆ. ಒಳಗೆ ತಂಗಿ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ತೆಗೆಯಬಾರದು ಅಂತ ನನ್ನ ಮಗಳು. ಹದಿನೈದು ವರ್ಷ ಅವನೇನು ತಿಂದನೋ, ಎಲ್ಲಿ ಮಲಗಿದನೋ, ಮೊದಲು ಒಳಗೆ ಕರೆಯಲಿ ಅಂತ ಅಮ್ಮ. ಇವತ್ತು ಮಂಗಳವಾರ. ನಮ್ಮ ಮನೆಯಲ್ಲಿ ಆ ಬಾಗಿಲು ಇನ್ನೂ ತೆರೆದಿಲ್ಲ.